ಗಿರಿಜೆಯ ಬಳೆಯ ವ್ಯಾಸ

ಗಣಿತದ ಮೇಷ್ಟರಿಗೆ ಒಂದು ಚಟವಿರುತ್ತದೆ: ತಾನು ತಪ್ಪಿದಾಗಲೂ ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು ಎನ್ನುವುದು. ನನಗೂ ಇದೆ. ಹೊಸಪೇಟೆಯ ಪ್ರೌಢಶಾಲೆಯೊಂದರಲ್ಲಿ ನಾನು ವರ್ಷವರ್ಷವೂ ಹಲಗೆಯ ಮೇಲೆ ವೃತ್ತ ಬರೆದು, ವ್ಯಾಸವನ್ನು ಮೂರು ಪಾಯಿಂಟ್ ಒಂದು ನಾಲ್ಕರಿಂದ ಗುಣಿಸಿದರೆ ಸುತ್ತಳತೆ, ಸುತ್ತಳತೆಯನ್ನು ಅದರಿಂದಲೇ ಭಾಗಿಸಿದರೆ ವ್ಯಾಸ ಎಂದು ಹೇಳುತ್ತ ಬಂದಿದ್ದೇನೆ. ಇದರಿಂದ ಏನು ಉಪಯೋಗ ಸರ್ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಈ ವರ್ಷ ನಾನೇ ಉಪಯೋಗಿಸಿ ನೋಡಿದೆ.

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತ್ತು. ಹೆಂಡತಿ ಗಿರಿಜೆಗೆ ಹೇಳದೆ ಒಂದು ಜೊತೆ ಚಿನ್ನದ ಬಳೆ ಮಾಡಿಸೋಣ ಎನ್ನಿಸಿತು. ಭಾನುವಾರ ಮಧ್ಯಾಹ್ನ ಅವಳು ಉಂಡು ಒರಗಿದ್ದಾಗ ಮಣಿಕಟ್ಟಿಗೆ ಮೆಲ್ಲಗೆ ದಾರ ಸುತ್ತಿದೆ. "ಯಾವ ಸ್ವಾಮ್ಯಾರು ಕೊಟ್ರು ದಾರಾನ?" ಎಂದು ನಿದ್ದೆಗಣ್ಣಲ್ಲೇ ಕೇಳಿ ಮಗ್ಗುಲು ಬದಲಿಸಿದಳು. ದಾರ ಹದಿನಾರೂವರೆ ಸೆಂಟಿಮೀಟರ್ ಬಂತು. ಭಾಗಿಸಿದರೆ ವ್ಯಾಸ ಐದೂಕಾಲು. ಸಡಿಲವಿರಲಿ ಎಂದು ಒಂದು ಮಿಲಿಮೀಟರ್ ಉದಾರವಾಗಿ ಸೇರಿಸಿದೆ. ಚಿನ್ನದ ಕೆಲಸದ ಪತ್ತಾರರು ನಾನು ಬರೆದುಕೊಟ್ಟ ಅಳತೆಯ ಚೀಟಿ ನೋಡಿ, "ಸರ, ಅಮ್ಮಾರ್ದು ಒಂದು ಹಳೇ ಬಳಿ ತಂದ್‌ಬಿಡ್ರಿ, ಸಾಕು" ಎಂದರು. "ಬಳಿ ಯಾಕ್ರಿ? ಲೆಕ್ಕ ಐತಲ್ಲ" ಎಂದೆ. "ಅಮ್ಮಾರ ಕೈ ಭಾಳ ಸಣ್ಣದಿರಬೇಕು ಬಿಡ್ರಿ" ಎಂದರು. ಹೊಗಳಿಕೆ ಎಂದುಕೊಂಡು ಹೆಮ್ಮೆಯಿಂದ ಮನೆಗೆ ಬಂದೆ.

ಕಂಪ್ಲಿಯಲ್ಲಿ ಗಿರಿಜೆಯ ಅಣ್ಣನ ಮಗಳ ಮದುವೆ. ಹಿಂದಿನ ದಿನ ಮದುಮಗಳಿಗೆ ಬಳೆ ಇಡಿಸಲು ಹೆಂಗಸರೆಲ್ಲ ಸೇರಿದ್ದರು. ಅಷ್ಟು ಜನರ ಎದುರು ಕೊಟ್ಟರೆ ನನ್ನ ಕೀರ್ತಿ ಹೆಚ್ಚೀತು ಎಂಬ ಆಸೆಯಿಂದ ಅಲ್ಲೇ ಚಿನ್ನದ ಬಳೆಗಳ ಡಬ್ಬಿ ತೆರೆದೆ. ಗಿರಿಜೆಯ ಮುಖ ಅರಳಿತು. ಒಂದು ಬಳೆ ನಾಲ್ಕು ಬೆರಳು ದಾಟಿ ಹೆಬ್ಬೆರಳಿನ ಬುಡದಲ್ಲಿ ನಿಂತಿತು.

"ಒತ್ತು, ಹೋಗ್ತೈತಿ. ಲೆಕ್ಕ ಹಾಕೀನಿ" ಎಂದೆ.

ಒತ್ತಿದಳು. ಇನ್ನರ್ಧ ಬೆರಳು ಮುಂದೆ ಹೋಯಿತು, ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗಿರಿಜೆಯ ಅತ್ತಿಗೆ ಕೊಬ್ಬರಿ ಎಣ್ಣೆ ತಂದರು. ಯಾರೋ ಸೋಪು ತಂದರು. ಎಣ್ಣೆ, ಸೋಪು, ಸಲಹೆ ಎಲ್ಲ ಸೇರಿ ಕೈ ಬಾತುಕೊಂಡಿತು. ಸಂಡೂರಿನ ಗಣಿಯಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಷಡ್ಡಕ ಬಾಗಿಲಲ್ಲಿ ಇಣುಕಿ, "ಗ್ರೈಂಡರ್ ತರ್ಲೇನ್ರಿ? ಎರಡು ನಿಮಿಷದ ಕೆಲಸ" ಎಂದ. ಗಿರಿಜೆಯ ಕಣ್ಣಲ್ಲಿ ನೀರು, ಬೆರಳ ತುದಿಗಳು ನೀಲಿಗಟ್ಟುತ್ತಿದ್ದವು. ಆದರೂ ನನ್ನ ನಾಚಿಕೆಗೇಡಿ ಮನಸ್ಸು ಒಳಗೊಳಗೇ ಹದಿನಾರೂವರೆಯನ್ನು ಮತ್ತೊಮ್ಮೆ ಭಾಗಿಸುತ್ತಿತ್ತು. ಉತ್ತರ ಅದೇ ಬಂತು.

ಮದುಮಗಳಿಗೆ ಬಳೆ ಇಡುತ್ತಿದ್ದ ಮುದುಕಿ ಆಗ ಎದ್ದು ಬಂದಳು. "ಸರೀರಿ ಎಲ್ರೂ, ಗಾಳಿ ಬರ್ಲಿ" ಎಂದು ನಮ್ಮನ್ನು ಓಡಿಸಿ, ಬಳೆಯ ಅಡಿಗೆ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ತೂರಿಸಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಹಿಟ್ಟು ನಾದುವಂತೆ ಕೈಯನ್ನು ಹಿಸುಕಿದಳು. ಬಳೆ ಜಾರಿ ಬಂತು. ಹಿಡಿದ ಕೈ ಬಿಡದೆಯೇ ತನ್ನ ಪೆಟ್ಟಿಗೆಯಿಂದ ಹಸಿರು ಗಾಜಿನ ಬಳೆ ತೆಗೆದು ಒಂದೊಂದಾಗಿ ಏರಿಸಿದಳು. ಅಳೆಯಲಿಲ್ಲ. ಒಂದೂ ಒಡೆಯಲಿಲ್ಲ.

"ಚಿನ್ನದ್ದಕ್ಕ ಅಳತಿ ಯಾರು ತಗೊಂಡ್ರು?"

ಎಲ್ಲರೂ ನನ್ನ ಕಡೆ ನೋಡಿದರು. ಮಣಿಕಟ್ಟಿಗೆ ದಾರ ಸುತ್ತಿದ ಕಥೆ ಹೇಳಿದೆ.

"ಮಣಿಕಟ್ಟಿಗೆ ಸರೀನ ಐತ್ರಿ ಯಪ್ಪಾ. ಆದ್ರ ಬಳಿ ಅಂಗೈ ದಾಟಿ ಹೋಗ್‌ಬೇಕಲ್ರಿ? ಮದುವಿ ಆಗಿ ಎಷ್ಟು ವರ್ಷ ಆತು?"

"ಇಪ್ಪತ್ತೈದು."

"ಒಂದಿನಾನೂ ಕೈ ಹಿಡಿದು ನೋಡಿಲ್ಲೇನ್ರಿ?"

ಮೊದಲು ನಕ್ಕವಳು ಗಿರಿಜೆಯೇ, ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ಮನೆಯೆಲ್ಲ ನಕ್ಕಿತು. ಪೈ ಬೆಲೆಯನ್ನು ನಾನು ದಶಮಾಂಶದ ಹತ್ತು ಸ್ಥಾನಗಳವರೆಗೆ ಬಾಯಿಪಾಠ ಹೇಳಬಲ್ಲೆ. ಆ ಹೊತ್ತಿನಲ್ಲಿ ಅದನ್ನು ಯಾರೂ ಕೇಳಲಿಲ್ಲ.