ಇನ್ನೂ ‘ಇದೆ’ಯಲ್ಲೇ ಇದ್ದಾರೆ

ಒಂದು ವರ್ಷ ಬೆಂಚಿನ ಮೇಲೆ ಕೂತೆದ್ದವರು ಏನಾದರೂ ಕಲಿತೇ ಇರುತ್ತಾರೆ ಎಂದು ದೊಡ್ಡವರು ನಂಬಿದ್ದಾರೆ. ಆ ನಂಬಿಕೆ ಕೆಡಿಸಲು ನನಗೂ ಮನಸ್ಸಿರಲಿಲ್ಲ. ಆದರೆ ಏಳನೇ ಕ್ಲಾಸಿನ ಕೊನೆಯ ವಾರ ನಮ್ಮ ಕನ್ನಡದ ಗಿರಿಜಾ ಮಿಸ್ ಬೋರ್ಡಿನ ಮೇಲೆ ‘ಈ ವರ್ಷ ನಾನು ಕಲಿತದ್ದು’ ಎಂದು ಬರೆದು, ಚೆನ್ನಾಗಿ ಬರೆದವರದನ್ನು ಗೋಡೆ ಪತ್ರಿಕೆಗೆ ಅಂಟಿಸುತ್ತೇನೆ ಎಂದಾಗ ನಾನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತೆ. ಭಿನ್ನರಾಶಿ ಬಂದಷ್ಟೇ ಬೇಗ ಹೋಗಿತ್ತು. ಇತಿಹಾಸದ ರಾಜರೆಲ್ಲ ಪರೀಕ್ಷೆ ಮುಗಿಯುವ ತನಕ ನನ್ನೊಂದಿಗಿದ್ದು, ಬಿಸಿಯೂಟದ ಹೊತ್ತಿಗೆ ಎದ್ದು ಹೋಗಿದ್ದರು. ವರ್ಷವಿಡೀ ಆ ಗೋಡೆಗೆ ನನ್ನದೊಂದು ಹಾಳೆಯೂ ಏರಿರಲಿಲ್ಲ. ಪಕ್ಕದಲ್ಲಿ ಕೂರುವ ರುಕ್ಸಾನಾಳದು ನಾಲ್ಕು ಸಲ ಏರಿತ್ತು. ಇದೇ ಕೊನೆಯ ಅವಕಾಶ. ನನಗೋ ವಿಪರೀತ ಆಸೆ.

ನನ್ನ ಹಾಳೆ ಏರದಿದ್ದಕ್ಕೆ ಕಾರಣ ಒಂದೇ ಪದ, ‘ಐತೆ’. ತ್ಯಾವಣಿಗೆಯಲ್ಲಿ ಹುಟ್ಟಿದ ನಮಗೆ ಮನೆ ಐತೆ, ಕೆಲಸ ಐತೆ, ಜ್ವರ ಐತೆ. ಮಿಸ್‌ಗೆ ಅದನ್ನು ಕಂಡರಾಗದು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ‘ಇದೆ’ ಎಂದು ತಿದ್ದುತ್ತಿದ್ದರು. ನಾನು ಹಟಕ್ಕೆ ಬಿದ್ದು ಮನೆಯಲ್ಲೂ ಅಭ್ಯಾಸ ಶುರುಮಾಡಿದೆ. ‘ಅಜ್ಜಿ, ನನಗೆ ಹಸಿವಾಗಿದೆ’ ಎಂದರೆ, ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಾವೂರ್ರೀ ನಿಮ್ದು?’ ಎಂದಳು. ಆಮೇಲೆ ಒಂದು ವಾರ ರೊಟ್ಟಿ ಹಾಕುವಾಗಲೆಲ್ಲ ‘ತಗೊಳ್ರಿ ಮೇಡಂ’ ಎನ್ನುತ್ತಿದ್ದಳು. ಅಭ್ಯಾಸ ಅಲ್ಲಿಗೇ ನಿಂತಿತು.

ಹಾಗೆ ನೋಡಿದರೆ ಮಿಸ್ ಕೂಡ ನಮ್ಮ ಸೀಮೆಯವರೇ, ಜಗಳೂರು ಕಡೆಯ ಸೊಕ್ಕೆ ಊರಿನವರು. ‘ಹೋಂವರ್ಕ್ ಎಲ್ಲಿದೆ?’ ಎಂದು ಕೇಳಿದರೆ ಭಯವಿಲ್ಲ, ಅಜ್ಜಿಗೆ ಹುಷಾರಿರಲಿಲ್ಲ ಎಂದು ಹೇಳಿ ಪಾರಾಗಬಹುದು. ‘ಹೋಂವರ್ಕ್ ಎಲ್ಲೈತೆ?’ ಎಂದರೋ, ಸಿಟ್ಟು ನೆತ್ತಿಗೇರಿದೆ, ಆವತ್ತಿನ ಆಟದ ಪೀರಿಯಡ್ ಹೋಯಿತು ಎಂದೇ ಅರ್ಥ. ಇದನ್ನು ಕಂಡುಹಿಡಿದವಳು ನಾನು. ‘ಇನ್ನೂ ಇದೆಯಲ್ಲೇ ಇದ್ದಾರೆ’ ಎಂದು ನಾನು ಪಿಸುಗುಟ್ಟಿದರೆ ಸಾಕು, ಕ್ಲಾಸಿನ ಗಲಾಟೆ ಧೈರ್ಯವಾಗಿ ಮುಂದುವರಿಯುತ್ತಿತ್ತು.

ಬೇರೇನೂ ಹೊಳೆಯದೆ ಅದನ್ನೇ ಬರೆದುಬಿಟ್ಟೆ. ಕೊಟ್ಟು ಬಂದು ಕೂತ ಮೇಲೆ ಅರಿವಾಯಿತು. ನಮ್ಮೆಲ್ಲರ ಗುಟ್ಟನ್ನು ಮಿಸ್ ಕೈಗೇ ಕೊಟ್ಟಿದ್ದೆ! ಮಿಸ್ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಎಷ್ಟು ಚೆನ್ನಾಗೈತೆ!’ ಎಂದರು.

ಇಡೀ ಕ್ಲಾಸು ತಲೆ ತಗ್ಗಿಸಿತು. ರುಕ್ಸಾನಾ ಬೆಂಚಿನ ತುದಿಗೆ ಸರಿದಳು. ನಾನು ಎದ್ದು ನಿಂತು, ‘ತಪ್ಪಾಯ್ತು ಮಿಸ್’ ಎಂದು ಅಳತೊಡಗಿದೆ. ಮಿಸ್‌ಗೇ ಗಾಬರಿಯಾಯಿತು. ‘ಅಳಾಕೆ ಏನಾಗೈತೆ? ಖುಷಿಗೆ ಅಂದೆ ಕಣಮ್ಮಾ!’ ಎಂದರು. ಆಗ ತಿಳಿಯಿತು, ಅದು ಸಿಟ್ಟಿನ ಮಾತಲ್ಲ, ಅವರ ಮನೆಯ ಮಾತು. ಮನಸ್ಸು ತುಂಬಿದಾಗ ತಾನಾಗಿ ಬರುತ್ತದೆ. ವರ್ಷವಿಡೀ ನಾವು ಅವರ ಮನಸ್ಸಿಗೆ ಸಿಟ್ಟನ್ನಷ್ಟೇ ತುಂಬಿಸಿದ್ದೆವು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಹಾಳೆ ಗೋಡೆಗೆ ಏರಿತು. ಅರ್ಥ ವಿವರಿಸಲೆಂದು ಬರೆದಿದ್ದ ಐತೆಗಳನ್ನೂ ಬಿಡದೆ, ಎಲ್ಲಕ್ಕೂ ಕೆಂಪು ಸುತ್ತು ಹಾಕಿಯೇ ಮಿಸ್ ಅಂಟಿಸಿದರು. ನಾನು ಮೂಗು ಒರೆಸಿಕೊಂಡು, ‘ಭಾಳ ಖುಷಿ ಆಗೈತೆ ಮಿಸ್’ ಎಂದೆ.

‘ಆಗಿದೆ’ ಎಂದರು ಮಿಸ್.