ಚಿಗಳ್ಳಿ ಶಾಖೆಯಲ್ಲಿ ನಡೆದ ಅನಧಿಕೃತ ದುರಸ್ತಿ

ಚತುಸ್ತಾಲೂಕು ಗೋವಿನಜೋಳ ಬೆಳೆಗಾರರ ಸಂಘವು ಬೆಳೆದು ಹನ್ನೊಂದು ಶಾಖೆಗಳಾಗಿದ್ದು, ಹಳಿಯಾಳದ ಪ್ರಧಾನ ಕಚೇರಿಯ ಗಣಕ ವಿಭಾಗಕ್ಕೆ ಶೈಸ್ತಾ ಮುಲ್ಲಾ ಅವರನ್ನು ಮುಖ್ಯಸ್ಥೆಯನ್ನಾಗಿ ನೇಮಿಸಲಾಗಿತ್ತು. ಅವರ ಕೈಕೆಳಗೆ ಇಬ್ಬರಿದ್ದರು.

ದಾಂಡೇಲಿಯ ಮೆಕ್ಯಾನಿಕ್ ಒಬ್ಬರ ಮಗಳಾದ ಶೈಸ್ತಾಗೆ ಕೆಟ್ಟು ನಿಂತದ್ದನ್ನು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಎರಡೇ ವರ್ಷದಲ್ಲಿ ಸಾಂಬ್ರಾಣಿಯಿಂದ ಜೋಯಿಡಾದವರೆಗೆ ಎಲ್ಲ ಕಂಪ್ಯೂಟರುಗಳೂ ನೆಟ್ಟಗೆ ನಡೆಯತೊಡಗಿದವು. ಮಾರ್ಚ್ ತಿಂಗಳಲ್ಲಿ ಒಂದೇ ಒಂದು ದೂರೂ ಬರಲಿಲ್ಲ. ಆಡಳಿತ ಮಂಡಳಿ ತೀವ್ರ ಕಳವಳ ವ್ಯಕ್ತಪಡಿಸಿತು.

“ಮೇಡಮ್, ದೂರಿಲ್ಲ ಅಂದ್ರ ಕೆಲಸ ಇಲ್ಲ ಅಂತಾತು,” ಎಂದರು ಅಧ್ಯಕ್ಷ ಶಿವಲಿಂಗಪ್ಪ. “ಕೆಲಸ ಇಲ್ಲದ ವಿಭಾಗ ಯಾಕ ಇಟ್ಕೋಬೇಕ್ರಿ?”

“ಎಲ್ಲಾ ಸರಿ ಐತಿ ಅಂತನ ದೂರಿಲ್ರೀ ಸರ್.”

“ಅದನ್ನ ನಾ ನಂಬ್ತೇನಿ. ಫೈಲು ನಂಬೂದಿಲ್ಲ.”

ಕೈಕೆಳಗಿನ ಜ್ಯೋತಿಬಾಗೆ ಮೇ ತಿಂಗಳಲ್ಲಿ ಮದುವೆ ಗೊತ್ತಾಗಿತ್ತು. “ನೌಕರಿ ಐತಿ ಅಂತನ ಹೆಣ್ಣು ಕೊಡಾಕತ್ತಾರ್ರಿ,” ಎಂದು ಅವನು ಮುಖ ಸಣ್ಣದು ಮಾಡಿದ. ಶೈಸ್ತಾ ಅಂದೇ ಸುತ್ತೋಲೆ ಸಿದ್ಧಪಡಿಸಿದರು: “ಪ್ರತಿ ಶಾಖೆಯು ತಿಂಗಳಿಗೆ ಹತ್ತು ದೂರುಗಳನ್ನು ಕಡ್ಡಾಯವಾಗಿ ಸಲ್ಲಿಸತಕ್ಕದ್ದು.” ಶಿಸ್ತಿನ ದೃಷ್ಟಿಯಿಂದ ಮಂಡಳಿ ಎರಡು ವಾಕ್ಯ ಸೇರಿಸಿತು: “ಹತ್ತನ್ನು ಮೀರತಕ್ಕದ್ದಲ್ಲ. ದೂರಿನ ಸಂಖ್ಯೆಯಿಲ್ಲದೆ ಏನನ್ನೂ ದುರಸ್ತಿ ಮಾಡತಕ್ಕದ್ದಲ್ಲ.”

ಶಾಖೆಗಳು ಮನಸಾರೆ ಸಹಕರಿಸಿದವು. ಸಾಂಬ್ರಾಣಿಯವರು ಮೌಸಿನ ತಂತಿ ಅನಗತ್ಯವಾಗಿ ಉದ್ದವಿದೆ ಎಂದು ಬರೆದರು. ಜೋಯಿಡಾದವರಿಗೆ ಕೀಬೋರ್ಡಿನ ಸದ್ದು ಬೇಸರ ತರಿಸಿತ್ತು. ಗುರಿ ಪ್ರತಿ ತಿಂಗಳೂ ಶೇಕಡಾ ನೂರು ಮುಟ್ಟಿತು. ದೂರು ಬರೆಯಲು ಶಾಖೆಗಳಿಗೆ ನೆರವಾಗಲೆಂದು ವಿಭಾಗಕ್ಕೆ ಇನ್ನೂ ನಾಲ್ವರು ಮಂಜೂರಾದರು.

ನವೆಂಬರ್ ಹದಿನೆಂಟರಂದು ಚಿಗಳ್ಳಿ ಶಾಖೆಯ ಅನ್ನಪೂರ್ಣಾ ಫೋನ್ ಮಾಡಿದರು.

“ಮೇಡಮ್, ತೂಕದ ಚೀಟಿ ಬರವಲ್ದು. ಹೊರಗ ಟ್ರ್ಯಾಕ್ಟರ್ ಸಾಲು ನಿಂತಾವು. ಮ್ಯಾಲ ಮಾಡ ಆಗೇತಿ, ಮಳಿ ಬಂದ್ರ ಜೋಳ ತೋಯ್ತೈತಿ.”

“ದೂರು ಹಾಕ್ರಿ.”

“ಹತ್ತೂ ಮುಗದಾವ್ರಿ. ಹತ್ತನೇದು, ಏನೂ ಹೊಳೀಲಿಲ್ಲ, ಕುರ್ಚಿ ಕಿರ್ ಅಂತೈತಿ ಅಂತ ಬರದೇನಿ.”

ಶೈಸ್ತಾ ಅರ್ಧ ದಿನದ ರಜೆ ಬರೆದಿಟ್ಟು, ಸ್ಕೂಟಿ ಹತ್ತಿ ಚಿಗಳ್ಳಿಗೆ ಹೋಗುವ ಮುಂಡಗೋಡದ ಹಾದಿ ಹಿಡಿದರು. ಪ್ರಿಂಟರಿನ ತಂತಿ ಸಡಿಲಾಗಿತ್ತು. ಸಿಕ್ಕಿಸಿದರು. ಚೀಟಿ ಬಂತು. ಸಾಲಿನ ಮೊದಲಿಗ ಸಾತಪ್ಪ ಅದನ್ನು ಹಣೆಗೊತ್ತಿಕೊಂಡು, “ಪುಣ್ಯಾ ಬರಲಿ ತಂಗೀ,” ಎಂದ. ಎಂಟು ತಿಂಗಳಲ್ಲಿ ಮೊದಲ ಸಲ ಕೆಟ್ಟದ್ದೊಂದನ್ನು ಸರಿಮಾಡಿ, ಶೈಸ್ತಾ ದಾರಿಯುದ್ದಕ್ಕೂ ಒಬ್ಬರೇ ನಗುತ್ತ ಹಿಂದಿರುಗಿದರು.

ಮೂರನೆಯ ದಿನ ನೋಟಿಸು ಬಂತು. “ತಾವು ದೂರುರಹಿತ ದುರಸ್ತಿ ಎಸಗಿರುವುದು ಸಾಬೀತಾಗಿದೆ. ಸದರಿ ಯಂತ್ರವನ್ನು ಪಂಚರ ಸಮಕ್ಷಮ ಪೂರ್ವಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ವಿಭಾಗವನ್ನು ವಿಸರ್ಜಿಸಲಾಗುವುದು.” ಅವರ ಕೈಕೆಳಗೆ ಈಗ ಆರು ಜನರಿದ್ದರು. ಜ್ಯೋತಿಬಾನ ಹೆಂಡತಿಗೆ ಮೂರು ತಿಂಗಳಾಗಿತ್ತು.

ಶೈಸ್ತಾ ಮತ್ತೆ ಚಿಗಳ್ಳಿಗೆ ಹೋದರು. ಅಂದು ಎರಡನೆಯ ಟ್ರಾಲಿ ಜೋಳ ತಂದಿದ್ದ ಸಾತಪ್ಪನನ್ನೇ ಪಂಚನನ್ನಾಗಿ ಕರೆಯಲಾಯಿತು. ಪಂಚನಾಮೆ ಓದಿ ಹೇಳಿದಾಗ ಅವನು ತಲೆದೂಗಿದ.

“ಬರೋಬ್ಬರಿ ಐತ್ರಿ. ರೂಲ್ಸ್ ಅಂದಮ್ಯಾಲೆ ರೂಲ್ಸು.”

ಶೈಸ್ತಾ ತಂತಿ ಹಿಡಿದರು. ಎಳೆಯಲಿಲ್ಲ. ಕಿಟಕಿಯಾಚೆ ಹನಿ ಬೀಳತೊಡಗಿತ್ತು.

“ತಡಾ ಮಾಡಬ್ಯಾಡವಾ ತಂಗೀ,” ಸಾತಪ್ಪ ಮೆಲ್ಲಗೆ ಹೇಳಿದ. “ನನ್ನ ಹಿಂದ ಇನ್ನೂ ಏಳು ಟ್ರ್ಯಾಕ್ಟರ್ ಅದಾವು. ಪಾಪ, ಅವರೂ ತೂಕ ಮಾಡಸ್ಲಾರದ ವಾಪಸ್ ಹೋಗಬೇಕಲ್ಲ.”