ಬಾಯಿ ತುಂಬ ಎಲೆ, ಕೈಯಲ್ಲಿ ಮೈಕು

ವೇದಿಕೆ ಮೇಲೆ ಒಬ್ಬಳೇ ನಿಂತು ಜನರನ್ನು ನಗಿಸುವುದು ನನ್ನ ಹೊಟ್ಟೆಪಾಡು. ಪರಶುರಾಂಪುರದ ಹೆಣ್ಣುಮಗಳು ಇಂಥ ಕೆಲಸ ಮಾಡುತ್ತಾಳೆ ಅಂದ ಕೂಡಲೇ ನಮ್ಮ ಕಡೆಯ ಜನ ಮೊದಲು ಬಾಯಿಯ ವಾಸನೆ ನೋಡುತ್ತಾರೆ, ಆಮೇಲೆ ಕ್ಷೇಮ ವಿಚಾರಿಸುತ್ತಾರೆ. ಹಾಗಾಗಿ ವೇದಿಕೆ ಮೇಲೆ ಹೇಳಲು ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಬಸ್ಸು ಹತ್ತಿ ಮನೆಗೆ ಬರುತ್ತವೆ.

'ಕಾಮಿಡಿ ಮಾಡೋರೆಲ್ಲ ಡ್ರಗ್ಸ್ ತಗಂತಾರಂತಲ್ಲವ್ವ?' ಅಂತ ಕೇಳುವವರ ಮುಂದೆ ನಾನು ಮುಖಕ್ಕೆ ಸೆರಗು ಮುಚ್ಚಿಕೊಂಡು ಓಡುವುದಿಲ್ಲ. ಸಿಗರೇಟು ಸೇದುತ್ತಿದ್ದೆ, ಬಿಟ್ಟೆ. ಬಿಯರು ಕುಡಿದಿದ್ದೇನೆ, ಕಹಿ ಅನ್ನಿಸಿತು. ಟೀ ಮಾತ್ರ ಬಿಡಲಾರೆ. ಗಾಂಜಾ ಒಂದೇ ಒಂದು ಸಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಮಸಾಲೆ ಜಾಸ್ತಿಯಾಗುತ್ತದೆ.

ಒಂದೇ ದಮ್ಮು

ಬೆಂಗಳೂರಿನ ಒಂದು ಹೋಟೆಲಿನ ಮಹಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಹೊಸದರಲ್ಲಿ ವೇದಿಕೆ ಅಂದರೆ ನನಗೆ ಭಯವಿತ್ತು. ಜೊತೆಗಿದ್ದ ಕಾಮಿಡಿಯನ್ ಒಬ್ಬ, 'ಒಂದು ದಮ್ ಎಳಿ, ಭಯ ಹೋಗುತ್ತೆ' ಅಂದ. ಎಳೆದೆ. ಭಯ ಹೋಯಿತು. ಅದರ ಜೊತೆ ಉಳಿದದ್ದೂ ಹೋಯಿತು.

ವೇದಿಕೆಗೆ ಹೋಗಿ ಮೊದಲನೇ ಜೋಕು ಹೇಳಿದೆ. ಯಾರೂ ನಗಲಿಲ್ಲ. ಇರಲಿ ಅಂತ ಎರಡನೆಯದು ಹೇಳಿದೆ. ಅದು ನನ್ನ ಅತಿ ಒಳ್ಳೆಯ ಜೋಕು, ಅದಕ್ಕೂ ನಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. 'ದುಡ್ಡು ಕೊಟ್ಟು ಬಂದು ಹಿಂಗೆ ಬಿಮ್ಮನೆ ಕೂತಿದ್ದೀರಲ್ಲ, ನಿಮಗೆ ನಗೋಕೂ ಬರಲ್ವಾ?' ಅಂತ ಗದರಿದೆ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು.

ಆಮೇಲೆ ಗೊತ್ತಾಯಿತು, ನಾನು ಎರಡು ಜೋಕನ್ನೂ ಮನಸ್ಸಿನಲ್ಲೇ ಹೇಳಿಕೊಂಡು, ಬಾಯಿ ಮುಚ್ಚಿಕೊಂಡು, ನಗುವಿಗೆ ಕಾಯುತ್ತಾ ನಿಂತಿದ್ದೆ. ಅಂದೇ ಕೊನೆ. ನನ್ನ ಕಸುಬಿಗೆ ಬಂಡವಾಳ ಅಂತ ಇರುವುದು ನೆನಪು ಒಂದೇ, ಅದನ್ನು ಹೊಗೆಗೆ ಕೊಟ್ಟು ಏನು ತಿನ್ನಲಿ? ಆದರೆ ಹೋಟೆಲಿನ ಮ್ಯಾನೇಜರಿಗೆ ತುಂಬ ಹಿಡಿಸಿತ್ತು. 'ಮಾತಿಲ್ಲದ ಕಾಮಿಡಿ, ಹೊಸ ಐಡಿಯಾ ಮೇಡಂ. ಮುಂದಿನ ವಾರಾನೂ ಅದನ್ನೇ ಮಾಡಿ' ಅಂದರು. ನಾನು, 'ಏನು ಮಾಡಿದೆ ಅಂತ ನೀವೇ ಬರೆದುಕೊಡಿ ಸಾರ್' ಅಂದೆ.

ಮಾವನ ತನಿಖೆ

ಈ ಕಥೆಯನ್ನು ನಾನೇ ವೇದಿಕೆ ಮೇಲೆ ಹೇಳುತ್ತೇನೆ. ಯಾರೋ ಅದನ್ನು ಫೋನಿನಲ್ಲಿ ಹಿಡಿದರು, ಅದು ಊರಿಂದ ಊರಿಗೆ ಹೋಗಿ ಕೊನೆಗೆ ಕುರಿ ಕಾಯುವ ನಮ್ಮ ಸೋದರಮಾವನ ಕೈಸೇರಿತು. ಅದೇ ವಾರ ಟಿವಿಯಲ್ಲೂ ನಗಿಸುವವರ ನಶೆಯ ಬಗ್ಗೆ ಏನೋ ಬಂದಿತ್ತಂತೆ. ನಾನು ಊರಿಗೆ ಬಂದು ಚೀಲ ಕೆಳಗಿಟ್ಟದ್ದೇ ತಡ, ಮಾವ ಅದನ್ನು ಹಜಾರದ ಮಧ್ಯೆ ಸುರಿದರು. ಒಂದು ಪೊಟ್ಟಣದಲ್ಲಿ ಬಿಳೀ ಪುಡಿ ಸಿಕ್ಕಿತು.

'ಏನಿದು?'

'ಹೊಟ್ಟೆ ಉರಿಗೆ ಮಾವ. ಸೋಡಾ ಪುಡಿ.'

ನಾವು ಕಾರ್ಯಕ್ರಮ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಸಿಕ್ಕಿದ್ದನ್ನು ತಿನ್ನುವ ಜನ, ಹೊಟ್ಟೆ ಯಾವಾಗಲೂ ಉರಿಯುತ್ತಿರುತ್ತದೆ. ಮಾವ ನಂಬಲಿಲ್ಲ. ಪೊಲೀಸರು ಮಾಡುವುದನ್ನು ಟಿವಿಯಲ್ಲಿ ನೋಡಿದ್ದರು. ಬೆರಳಿಗೆ ಅಂಟಿಸಿ ನೆಕ್ಕಿದರೆ ಪುರಾವೆ ಸಾಲದೆಂದೋ ಏನೋ, ಅಂಗೈ ತುಂಬ ಸುರಿದುಕೊಂಡು ಬಾಯಿಗೆ ಹಾಕಿಕೊಂಡರು. ಬಾಯಲ್ಲಿ ನೊರೆ ಉಕ್ಕಿತು. 'ಅಯ್ಯೋ, ಏರ್ತಾ ಐತೆ, ಏರ್ತಾ ಐತೆ' ಅಂತ ಕಂಬ ಹಿಡಿದುಕೊಂಡರು. ಅವ್ವ ನೀರು ತರಲು ಓಡಿದಳು. ಅಷ್ಟರಲ್ಲಿ ಮಾವನ ಹೊಟ್ಟೆಯಿಂದ ಒಂದು ತೇಗು ಬಂತು. ಹಟ್ಟಿಯಲ್ಲಿದ್ದ ಕುರಿಗಳು ಎದ್ದು ನಿಂತವು.

ಮಾವ ಹೊಟ್ಟೆ ಸವರಿಕೊಂಡು, 'ಹಗೂರಾತು ಕಣವ್ವ' ಅಂದರು. ಪೊಟ್ಟಣವನ್ನು ತನಿಖೆಗೆಂದು ತಾವೇ ಜೇಬಿಗಿಟ್ಟುಕೊಂಡರು. ಈಗ ನಾನು ಬಸ್ಸಿಳಿದ ಕೂಡಲೇ ಸ್ಟ್ಯಾಂಡಿನ ಆ ತುದಿಯಿಂದಲೇ ಕೂಗಿ ಕೇಳುತ್ತಾರೆ: 'ಮಾಲು ತಂದೀಯೇನವ್ವ?'

ಕಲ್ಲಿನಂಥ ಮುಂದಿನ ಸಾಲು

ಮೊಳಕಾಲ್ಮುರಿನಲ್ಲಿ ಒಂದು ರೇಷ್ಮೆ ಸೀರೆ ಅಂಗಡಿ ಶುರುವಾದಾಗ ನನ್ನನ್ನು ಕರೆದಿದ್ದರು. ಹಿಂದಿನ ಸಾಲಿನಲ್ಲಿ ಕೂತ ಹೆಂಗಸರು, ಹುಡುಗರು ಚೆನ್ನಾಗಿ ನಕ್ಕರು. ಮುಂದಿನ ಸಾಲಿನ ಹಿರಿಯರು ಮಾತ್ರ ತುಟಿ ಬಿಗಿದುಕೊಂಡು, ಗದ್ದ ಮೇಲೆತ್ತಿಕೊಂಡು, ಶಾಮಿಯಾನದ ಬಟ್ಟೆಯನ್ನು ನೋಡುತ್ತಿದ್ದರು. ಒಬ್ಬರ ಕಣ್ಣಲ್ಲಂತೂ ನೀರು ಬಂದಿತ್ತು. ನಗಿಸಲು ಹೋಗಿ ಮುದುಕರನ್ನು ಅಳಿಸಿಬಿಟ್ಟೆನಲ್ಲ ಅಂತ ನನಗೆ ನಿಜವಾಗಿ ನೋವಾಯಿತು. ನಮ್ಮ ಕಡೆ ಎಲ್ಲೇ ಹೋದರೂ ಹೀಗೆಯೇ. ಹಿಂದಿನವರು ನನ್ನವರು, ಮುಂದಿನವರು ಕಲ್ಲು.

ಹೊರಡುವಾಗ ಕಣ್ಣೀರು ಹಾಕಿದ್ದ ಅಜ್ಜ ಹತ್ತಿರ ಬಂದು ತೆಲುಗಿನಲ್ಲಿ, 'ಮಳ್ಳಿ ಎಪ್ಪುಡಮ್ಮಾ?' ಅಂದರು. ಮತ್ತೆ ಬರೋದು ಯಾವಾಗ ಅಂತ. ನಾನು ಬರುವ ದಿನ ತಾವು ಊರು ಬಿಟ್ಟು ಹೋಗೋಣ ಅಂತ ಕೇಳುತ್ತಿದ್ದಾರೆ ಅಂದುಕೊಂಡು, 'ಸದ್ಯಕ್ಕೆ ಇಲ್ಲ ತಾತ, ಹೆದರಬೇಡಿ' ಅಂದೆ.

ಮನೆ ಮಂದಿ

ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಎಲ್ಲ ಕಡೆ ನನ್ನ ಚಟಗಳ ಕಾರ್ಯಕ್ರಮ ಮಾಡಿದ್ದೆ. ಚಳ್ಳಕೆರೆಯಲ್ಲಿ ಮಾತ್ರ ಯಾರೂ ಭವನ ಕೊಡುತ್ತಿರಲಿಲ್ಲ. ಬೇರೆ ಊರಲ್ಲಿ ಧೈರ್ಯ ತೋರಿಸಿ ಸ್ವಂತ ತಾಲ್ಲೂಕಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನಗೆ ನಾಚಿಕೆ ಅನ್ನಿಸುತ್ತಿತ್ತು. ಕೊನೆಗೆ ಸ್ವಂತ ಭವನವಿದ್ದ ಒಂದು ಸಂಘದವರು ಮಾತುಕತೆಗೆ ಕರೆದರು. ಹೋಗಿ ಕೂತೆ. ಅಧ್ಯಕ್ಷರು ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು ಬರೀ ತಲೆ ಆಡಿಸುತ್ತಿದ್ದರು. ಅವರ ಪರವಾಗಿ ಕಾರ್ಯದರ್ಶಿ ಮಾತಾಡುತ್ತಿದ್ದ, ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುತ್ತಾ.

'ನೋಡಮ್ಮ, ಕುಡಿಯೋದು, ಸೇದೋದು, ನಶೆ, ಇವೆಲ್ಲ ಬ್ಯಾಡ. ಕುದಾಪುರದ ಸೈನ್ಸ್ ಸೆಂಟರಿಂದ ವಿಜ್ಞಾನಿಗಳು ಬರ್ತಾರೆ. ಮನೆ ಮಂದಿ ಬರ್ತಾರೆ.'

'ನಾನು ಮಾತಾಡೋದೇ ಮನೆ ಮಂದಿ ಬಗ್ಗೆ ಅಣ್ಣ.'

'ನಿಮ್ಮವ್ವನ ಬಗ್ಗೇನೂ ಹೇಳ್ತೀಯಂತೆ. ಹೆತ್ತ ತಾಯಿ ಮರ್ಯಾದೆ ತೆಗದ್ರೆ ನಾವು ಸುಮ್ಕಿರಲ್ಲ.'

'ಮಾಡಿದ್ರೆ ಪೂರ್ತಿ ಮಾಡ್ತೀನಿ, ಇಲ್ಲಾಂದ್ರೆ ಬಸ್ ಹತ್ತುತ್ತೀನಿ' ಅಂದೆ. ನನಗೆ ಅಷ್ಟು ಹಟ ಬಂದಿತ್ತು. ಅಧ್ಯಕ್ಷರು ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಗೊಣಗಿದರು. ತೀರ್ಮಾನ ಹೊರಬಿತ್ತು. ಅಧ್ಯಕ್ಷರು ಎದ್ದು ಕೈ ತೋರಿಸಿದರೆ ನಾನು ಮೈಕು ಕೊಟ್ಟು ಇಳಿಯಬೇಕು, ಮತ್ತೆ ಚಳ್ಳಕೆರೆಯಲ್ಲಿ ವೇದಿಕೆ ಕೇಳಬಾರದು. ಒಪ್ಪಿದೆ.

ಇಷ್ಟೆಲ್ಲ ನಶೆಯ ವಿರುದ್ಧ ಮಾತಾಡಿ ಮುಗಿಸಿ, ಕಾರ್ಯದರ್ಶಿ ತಿಕ್ಕಿದ ಹೊಗೆಸೊಪ್ಪನ್ನು ಕೆಳತುಟಿಗೆ ಇಟ್ಟುಕೊಂಡ. ಅಭ್ಯಾಸಬಲದಿಂದ ಒಂದು ಚಿಟಿಕೆ ನನ್ನ ಮುಂದೂ ಹಿಡಿದ.

ಬೇವಿನ ಮರದ ಬುಡ

ಭಾನುವಾರ ಮಧ್ಯಾಹ್ನ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಮತ್ತು ಹಿರಿಯರು. ಎರಡನೇ ಸಾಲಿನಲ್ಲಿ ಮಾವ, ಪಕ್ಕದಲ್ಲಿ ಮಡಿಲಲ್ಲಿ ಎಲೆಅಡಿಕೆ ಸಂಚಿ ಇಟ್ಟುಕೊಂಡು ನಮ್ಮವ್ವ. ಅವ್ವ ನನ್ನ ಕಾರ್ಯಕ್ರಮ ನೋಡಲು ಬಂದದ್ದು ಅದೇ ಮೊದಲು. ಅಧ್ಯಕ್ಷರಿಗಿಂತ ನನಗೆ ಅವಳದೇ ಹೆದರಿಕೆ. ಅವಳು ಮುಖ ತಗ್ಗಿಸಿದರೆ ನಾನು ಗೆದ್ದೂ ಸೋತ ಹಾಗೆ.

ಒಂದೇ ದಮ್ಮಿನ ಕಥೆ ಹೇಳಿದೆ. ಹಿಂದೆ ನಗು, ಮುಂದೆ ಕಲ್ಲು. ಸೋಡಾ ಪುಡಿಯ ಕಥೆ ಹೇಳಿದೆ. ಮಾವ ತಾವೇ ಎದ್ದು ನಿಂತು ಜನಕ್ಕೆ ಕೈಮುಗಿದರು. ಮುಂದೆ ಮತ್ತೆ ಕಲ್ಲು. ಇನ್ನು ಅವ್ವನ ಸರದಿ. ಬಿಟ್ಟುಬಿಡಲಾ ಅನ್ನಿಸಿತು. ಬಿಟ್ಟರೆ ಈ ಊರಿಗೆ ನಾನು ಹೆದರಿದಂತೆ. ಹೇಳಿದೆ.

'ನಮ್ಮವ್ವ ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕ್ತಾಳೆ. ಹೊಗೆಸೊಪ್ಪಿನ ಪುಡಿ. ಬಾಯಿಗೆ ಹಾಕ್ಕೊಂಡೇ ನಂಗೆ ಬುದ್ಧಿ ಹೇಳ್ತಾಳೆ, ನಶೆ ಗಿಶೆ ಮಾಡಬ್ಯಾಡವ್ವ, ಆ ಸುಣ್ಣದ ಡಬ್ಬಿ ಕೊಡು ಅಂತ. ಒಂದಿನ ವಸಡು ನೋವು ಬಂತು. ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅವರು, ಕಡ್ಡಿಪುಡಿ ಬಿಡಬೇಕಮ್ಮ, ತಡೆಯೋಕಾಗದಿದ್ರೆ ಬರೀ ಎಲೆ ಅಗೀರಿ ಅಂದ್ರು. ಅವ್ವ ಅವರ ಮುಖಾನೇ ನೋಡಿ ಕೇಳಿದ್ಳು, ಬರೀ ಎಲೆ ತಿನ್ನಾಕೆ ನಾನೇನು ಮೇಕೆನಾ ಡಾಕ್ಟ್ರೇ?'

ಆಮೇಲೆ ಅವ್ವ ಪುಡಿಯಿಲ್ಲದ ಎಲೆಯನ್ನು ಮೇಕೆಯ ಹಾಗೆ ಅಗಿದು ತೋರಿಸಿದ್ದನ್ನು ವೇದಿಕೆ ಮೇಲೆ ನಾನೂ ಮಾಡಿ ತೋರಿಸಿದೆ.

ಅಧ್ಯಕ್ಷರು ಎದ್ದು ನಿಂತರು. ಗದ್ದ ಮೇಲಿತ್ತು, ಮುಖ ಕೆಂಪಾಗಿತ್ತು. ನನ್ನ ಕಡೆ ಅಂಗೈ ಚಾಚಿ, 'ಊಂ, ಊಂ' ಅಂದರು.

ಕಾರ್ಯದರ್ಶಿ ಒಂದೇ ನೆಗೆತಕ್ಕೆ ವೇದಿಕೆ ಹತ್ತಿ ಮೈಕು ಹಿಡಿದುಕೊಂಡ. 'ಮಾತಾಗೈತೆ, ಕೊಡಮ್ಮ' ಅಂದ. ಮಾತು ಆಗಿತ್ತು, ನಿಜ. ಆದರೂ ನನ್ನ ಕೈ ಮೈಕು ಬಿಡಲಿಲ್ಲ. 'ಮುಗಿಸದೆ ಕೊಡಲ್ಲ' ಅಂದೆ. ಅವನು ಎಳೆದ, ನಾನೂ ಎಳೆದೆ.

ಆಗ ಎರಡನೇ ಸಾಲಿನಲ್ಲಿ ಅವ್ವ ಎದ್ದಳು. ಏನೋ ಹೇಳಬೇಕಿತ್ತು, ಆದರೆ ಬಾಯಿ ತುಂಬ ಎಲೆ. ಒಂದು ಬೆರಳೆತ್ತಿ ಇಡೀ ಭವನಕ್ಕೆ 'ತಾಳ್ರಿ' ಅಂತ ಸನ್ನೆ ಮಾಡಿದಳು. ಅಧ್ಯಕ್ಷರೂ ತಿರುಗಿ ಒಂದು ಬೆರಳೆತ್ತಿದರು. ಇಬ್ಬರೂ ತುಂಬಿದ ಬಾಯಲ್ಲಿ ಹುಬ್ಬು ಹಾರಿಸುತ್ತಾ ಒಂದು ಗಳಿಗೆ ನಿಂತರು. ಆಮೇಲೆ ಇಬ್ಬರೂ ಸರಸರ ಬಾಗಿಲ ಕಡೆ ನಡೆದರು. ಸಂದರ್ಭ ಸಿಕ್ಕಿದ್ದೇ ಸಾಕು ಅಂತ ಮುಂದಿನ ಸಾಲಿನ ಹಿರಿಯರೆಲ್ಲ ಎದ್ದು ಅವರ ಹಿಂದೆ ಹೊರಟರು. ಹೊರಗಿನ ಬೇವಿನ ಮರದ ಬುಡದಲ್ಲಿ ಸಾಲು ನಿಂತಿತು. ಜನ ಕತ್ತು ತಿರುಗಿಸಿಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಕಾರ್ಯದರ್ಶಿ ಮತ್ತು ನಾನು ಮೈಕನ್ನು ಆಚೆ ಈಚೆ ಹಿಡಿದುಕೊಂಡು ಮದುವೆ ಫೋಟೋಗೆ ನಿಂತವರಂತೆ ನಿಂತಿದ್ದೆವು.

ಮೊದಲು ಅವ್ವ ಬಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ನೇರ ವೇದಿಕೆಯ ಬುಡಕ್ಕೇ ಬಂದು ನಿಂತಳು.

'ಏಯ್ ತಮ್ಮ, ಮೈಕ್ ಬಿಡು. ಬಾಯಿ ನಂದು, ಪುಡಿ ನಂದು, ಮಗಳೂ ನಂದೇ. ನಂಗಿಲ್ಲದ್ ನಾಚಿಕೆ ನಿಂಗ್ಯಾಕೆ? ಅವ್ಳು ಹೇಳಿದ್ರಾಗೆ ಒಂದಕ್ಷರ ಸುಳ್ಳಿಲ್ಲ.'

ನನಗೆ ಕಣ್ಣು ತುಂಬಿ ಬಂತು. ಇನ್ನು ಭವನ ಸಿಗದಿದ್ದರೂ ಚಿಂತೆಯಿಲ್ಲ ಅನ್ನಿಸಿತು. ಕಾರ್ಯದರ್ಶಿ ಮಾತ್ರ ಬಿಡಲೊಲ್ಲ. 'ನಾನೇನ್ ಮಾಡ್ಲಿ ದೊಡ್ಡಮ್ಮ, ಅಧ್ಯಕ್ಷರು ನಿಲ್ಸು ಅಂದಾರೆ' ಅಂದ.

ಅಷ್ಟರಲ್ಲಿ ಅಧ್ಯಕ್ಷರು ಟವಲಿನಿಂದ ಮೀಸೆ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಹಿಂದೆ ಖಾಲಿ ಬಾಯಿಯ ಹಿರಿಯರ ದಂಡು. ಅಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿ ಗದರಿದರು: 'ಲೇ, ಅದ್ಯಾಕೆ ಮೈಕ್ ಹಿಡ್ಕಂಡು ಜಗ್ತೀಯ? ನಾ ಉಗುಳಿ ಬರಾಗಂಟ ತಾಳು ಅಂತ ಕೈ ತೋರ್ಸಿದ್ನಪ್ಪ.'

ಆಮೇಲೆ ತಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂತು ನನ್ನ ಕಡೆ ತಿರುಗಿದರು. 'ಆ ಮೇಕೆದು ಇನ್ನೊಂದ್ಸಲ ಹೇಳವ್ವ. ಬಾಯಾಗೆ ಎಲೆ ಇತ್ತು, ನಗಾಕಾಗ್ಲಿಲ್ಲ.'